ಕಾರು ಜಾರಿಸುವ ಆಸೆಯೇ? ರಸ್ತೆ ಬಿಡಿ, ಮೈದಾನಕ್ಕೆ ಬನ್ನಿ

ಮದುವೆ ಮನೆಯಿಂದ ಮದುಮಗನ ಕಾರು ಹೊರಟಿದೆ. ಹಿಂದೆ ಹತ್ತು ಹದಿನೈದು ಕಾರುಗಳ ಸಾಲು. ಜಂಕ್ಷನ್ ಬಂದ ಕೂಡಲೇ ಒಬ್ಬ ಹುಡುಗ ಹ್ಯಾಂಡ್‌ಬ್ರೇಕ್ ಎಳೆದು ಕಾರನ್ನು ಗಿರಕ್ಕನೆ ತಿರುಗಿಸುತ್ತಾನೆ. ಇನ್ನೊಬ್ಬ ಮೊಬೈಲ್ ಹಿಡಿದು ಚಿತ್ರೀಕರಿಸುತ್ತಾನೆ. ಸಂಜೆಯೊಳಗೆ ಆ ರೀಲ್ಸ್ ಊರಿಡೀ ಹರಿದಾಡುತ್ತದೆ. ಹಿರಿಯರು ಗದರುತ್ತಾರೆ, ಹುಡುಗರು ನಗುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಆದರೆ ಮಾತು ಅಲ್ಲಿಗೆ ಮುಗಿಯಬಾರದು. ಕಾರು ಜಾರಿಸುವುದು, ಅಂದರೆ ಡ್ರಿಫ್ಟಿಂಗ್, ಇವತ್ತು ಜಗತ್ತಿನಲ್ಲಿ ಒಂದು ಒಪ್ಪಿತ ಕ್ರೀಡೆ. ಆಸೆ ಇರುವ ಮಕ್ಕಳಿಗೆ ಬರೀ 'ಬೇಡ' ಅಂದರೆ ಸಾಲದು. ಎಲ್ಲಿ ಮಾಡಬೇಕು, ಹೇಗೆ ಶುರು ಮಾಡಬೇಕು ಎಂದೂ ಹೇಳಬೇಕು.

ಮೊದಲು ಡ್ರಿಫ್ಟ್ ಅಂದರೆ ಏನು ನೋಡೋಣ. ತಿರುವಿನಲ್ಲಿ ಹಿಂದಿನ ಚಕ್ರಗಳು ಹಿಡಿತ ಕಳೆದುಕೊಂಡು ಕಾರು ಅಡ್ಡಡ್ಡ ಜಾರುತ್ತದೆ. ಆ ಜಾರುವಿಕೆಯನ್ನು ಸ್ಟೇರಿಂಗ್ ಮತ್ತು ಆಕ್ಸಿಲರೇಟರ್‌ನಿಂದ ಹದವಾಗಿ ಹಿಡಿದು ತಿರುವು ದಾಟಿಸುವುದೇ ಡ್ರಿಫ್ಟ್. ಮಳೆಗಾಲದಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಗೊಬ್ಬೂರಿನ ಕಡೆ ಗಾಡಿ ಓಡಿಸಿದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿಯದು ಕಪ್ಪು ಎರೆಮಣ್ಣು. ಒಂದು ಮಳೆ ಬಿದ್ದರೆ ಸಾಕು, ಹೊಲದ ದಾರಿಗೆ ಇಳಿದ ಗಾಡಿಯ ಹಿಂಭಾಗ ತಾನಾಗಿಯೇ ಜಾರುತ್ತದೆ. ನುರಿತ ಡ್ರೈವರ್ ಗಾಬರಿಯಾಗಿ ಬ್ರೇಕ್ ಒತ್ತುವುದಿಲ್ಲ. ಹಿಂಭಾಗ ಎಡಕ್ಕೆ ಹೋದರೆ ಸ್ಟೇರಿಂಗನ್ನೂ ಎಡಕ್ಕೇ ತಿರುಗಿಸಿ ಗಾಡಿಯನ್ನು ಸರಿದಾರಿಗೆ ತರುತ್ತಾನೆ. ಡ್ರಿಫ್ಟಿಂಗ್‌ನ ಮೊದಲ ಪಾಠವೂ ಅದೇ. ಜಾರಿಸುವುದು ಸುಲಭ, ಹಿಡಿಯುವುದೇ ವಿದ್ಯೆ.

ಇನ್ನು ನಮ್ಮ ಹುಡುಗರ ಕಾರುಗಳ ವಿಷಯ. ಸ್ವಿಫ್ಟ್, ಬಲೆನೊ, ಐ20 ಇವೆಲ್ಲ ಮುಂದಿನ ಚಕ್ರಕ್ಕೆ ಬಲ ಹೋಗುವ ಕಾರುಗಳು. ಇವುಗಳಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ಒಮ್ಮೆ ತಿರುಗುತ್ತದೆ, ಅಷ್ಟೇ. ಅದು ನಿಜವಾದ ಡ್ರಿಫ್ಟ್ ಅಲ್ಲ. ಹಿಂದಿನ ಚಕ್ರಕ್ಕೆ ಬಲ ಹೋಗುವ ಗಾಡಿ ಬೇಕಲ್ಲ ಎಂದು ಓಮ್ನಿ, ಈಕೊ, ಬೊಲೆರೊ ಹಿಡಿದರೆ ಕಥೆ ಇನ್ನೂ ಕೆಟ್ಟದ್ದು. ಎತ್ತರದ ಗಾಡಿ ಅಡ್ಡ ಜಾರಿದರೆ ಮಗುಚಿ ಬೀಳುವ ಅಪಾಯ ಉಂಟು.

ಈ ಆಟ ಬೆಳೆದದ್ದು ಜಪಾನಿನ ಘಾಟಿ ರಸ್ತೆಗಳಲ್ಲಿ. 1970ರ ದಶಕದಲ್ಲಿ ರೇಸರ್ ಕುನಿಮಿತ್ಸು ತಕಹಾಶಿ ಟ್ರ್ಯಾಕಿನಲ್ಲಿ ಕಾರು ಜಾರಿಸುತ್ತಿದ್ದ ರೀತಿ ಕೈಚಿ ಸುಚಿಯಾ ಎಂಬ ಯುವಕನನ್ನು ಸೆಳೆಯಿತು. ಮುಂದೆ ಸುಚಿಯಾ 'ಡ್ರಿಫ್ಟ್ ಕಿಂಗ್' ಎಂದೇ ಹೆಸರಾದರು. 2017ರಲ್ಲಿ ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ಟೋಕಿಯೊದಲ್ಲಿ ತನ್ನದೇ ಡ್ರಿಫ್ಟಿಂಗ್ ಕಪ್ ನಡೆಸಿತು. ಇಲ್ಲಿ ಯಾರು ಮೊದಲು ಮುಟ್ಟಿದರು ಎಂಬ ಲೆಕ್ಕವಿಲ್ಲ. ಕಾರು ಸಾಗಿದ ಜಾಡು, ಜಾರಿದ ಕೋನ, ವೇಗ, ಶೈಲಿ ನೋಡಿ ತೀರ್ಪುಗಾರರು ಅಂಕ ಕೊಡುತ್ತಾರೆ.

ನಮ್ಮ ಮನೆಗಳಿಗೆ ಡ್ರಿಫ್ಟಿಂಗ್ ಗೊತ್ತಾದದ್ದು ಹೆಚ್ಚಾಗಿ ಗಲ್ಫ್ ಮೂಲಕ. ಸೌದಿಯಲ್ಲಿ ಇದಕ್ಕೆ 'ತಫ್‌ಹೀತ್' ಎನ್ನುತ್ತಾರೆ. ಸಾರ್ವಜನಿಕ ರಸ್ತೆಯಲ್ಲಿ ಈ ಹುಚ್ಚಾಟಕ್ಕೆ ಎಷ್ಟೋ ಯುವಕರು ಬಲಿಯಾದ ಮೇಲೆ ಅಲ್ಲಿನ ಸರಕಾರ 2016ರಲ್ಲಿ ದಂಡ ಬಿಗಿಗೊಳಿಸಿತು. ಮೊದಲ ಸಲ ಸಿಕ್ಕಿಬಿದ್ದರೆ 20,000 ರಿಯಾಲ್ ದಂಡ, 15 ದಿನ ವಾಹನ ಜಪ್ತಿ. ಎರಡನೇ ಸಲ 40,000, ಮೂರನೇ ಸಲ 60,000. ಅದೇ ಗಲ್ಫಿನಲ್ಲಿ ಮುಚ್ಚಿದ ಮೈದಾನಗಳಲ್ಲಿ ಹೆಲ್ಮೆಟ್ ಹಾಕಿಸಿ ನಡೆಸುವ ಡ್ರಿಫ್ಟ್ ಸ್ಪರ್ಧೆಗಳೂ ಇವೆ. ಆಟ ಒಂದೇ, ಜಾಗ ಬೇರೆ.

ನಮ್ಮ ಕಾನೂನೂ ಸಡಿಲವಿಲ್ಲ. ರಸ್ತೆಯಲ್ಲಿ ಅಪಾಯಕಾರಿಯಾಗಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 184, ರೇಸ್ ಮಾಡಿದರೆ ಸೆಕ್ಷನ್ 189 ಉಂಟು. ಹೆತ್ತವರು ಮುಖ್ಯವಾಗಿ ಓದಬೇಕಾದದ್ದು 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 199ಎ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಉಪ್ಪನಿಗೋ ಗಾಡಿಯ ಮಾಲೀಕನಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಗಲ್ಫಿಗೆ ಡ್ರೈವರ್ ವೀಸಾದಲ್ಲಿ ಹೋಗುವ ಕನಸು ಕಂಡ ಹುಡುಗನಿಗೆ ಇದು ಎಷ್ಟು ದೊಡ್ಡ ಪೆಟ್ಟು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಶುರು ಮಾಡುವುದು ಎಲ್ಲಿಂದ? ನಮ್ಮ ರಾಜ್ಯದಲ್ಲಿ ಡ್ರಿಫ್ಟ್‌ಗಿಂತ ಗಟ್ಟಿಯಾಗಿ ಬೇರೂರಿದ್ದು ರ‍್ಯಾಲಿ. ಮಣ್ಣಿನ ದಾರಿಯಲ್ಲಿ ಕಾರು ಜಾರಿಸಿ ಹಿಡಿಯುವ ಕೌಶಲವೇ ಅದರ ಜೀವಾಳ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿ ದೇಶದ ಹಳೆಯ ರ‍್ಯಾಲಿಗಳಲ್ಲಿ ಒಂದು. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ಮಟ್ಟದ ರ‍್ಯಾಲಿಯೂ ನಡೆದಿದೆ. ಸಣ್ಣ ಮೈದಾನದಲ್ಲಿ ಒಬ್ಬೊಬ್ಬರಾಗಿ ಸಮಯದ ವಿರುದ್ಧ ಓಡಿಸುವ ಆಟೊಕ್ರಾಸ್ ಹೊಸಬರಿಗೆ ಒಳ್ಳೆಯ ಮೊದಲ ಮೆಟ್ಟಿಲು. ಇಂಥ ಸ್ಪರ್ಧೆಗಳಿಗೆ ಬೇಕಾದ ಲೈಸೆನ್ಸ್ ಕೊಡುವುದು ಮೋಟಾರು ಕ್ರೀಡಾ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ. ಹದಿನೆಂಟು ತುಂಬದವರಿಗೆ ಗೋ-ಕಾರ್ಟಿಂಗ್ ಉಂಟು. ಮನೆಯ ಕಾರನ್ನು ಸ್ಪರ್ಧೆಗೆ ಇಳಿಸುವ ಮುಂಚೆ ಒಂದು ಮಾತು: ಸಾಮಾನ್ಯ ವಾಹನ ವಿಮೆ ರೇಸಿಂಗ್‌ಗೆ ಅನ್ವಯಿಸುವುದಿಲ್ಲ.

'ಕಾರಿಗೆ ದುಡ್ಡೆಲ್ಲಿ?' ಎನ್ನುವವರಿಗೆ ಕಾಸರಗೋಡಿನ ಮೂಸಾ ಶರೀಫ್ ಒಂದು ಉತ್ತರ. ಅವರು ಹೆಸರು ಮಾಡಿದ್ದು ಸ್ಟೇರಿಂಗ್ ಹಿಡಿದಲ್ಲ, ಪಕ್ಕದ ಸೀಟಿನಲ್ಲಿ ಕೂತು. ರ‍್ಯಾಲಿಯಲ್ಲಿ ಡ್ರೈವರ್ ಜೊತೆ ನ್ಯಾವಿಗೇಟರ್ ಇರುತ್ತಾರೆ. ಮುಂದಿನ ತಿರುವು ಎಷ್ಟು ಕಡಿದು, ಎಲ್ಲಿ ಹೊಂಡ, ಎಲ್ಲಿ ದಿಬ್ಬ ಎಂದು ಮೊದಲೇ ಬರೆದಿಟ್ಟ ಟಿಪ್ಪಣಿಯನ್ನು ಕಾರು ಹಾರುತ್ತಿರುವಾಗಲೂ ತಪ್ಪದೆ ಓದುವುದು ಅವರ ಕೆಲಸ. ಒಂದು ಶಬ್ದ ತಡವಾದರೆ ಕಾರು ಕಂದಕಕ್ಕೆ. ಮೋಟಾರು ಕ್ರೀಡೆಯಲ್ಲಿ ಮೊದಲ ಅರ್ಜುನ ಪ್ರಶಸ್ತಿ ಪಡೆದ ಗೌರವ್ ಗಿಲ್ ಅವರ ಪಕ್ಕದಲ್ಲಿ ಕೂತು ಶರೀಫ್ ಹಲವು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದಾರೆ. ಅದಕ್ಕೆ ಬೇಕಾದದ್ದು ತಲೆ, ತಾಳ್ಮೆ, ಧೈರ್ಯ. ಸ್ವಂತ ಕಾರು ಬೇಕೆಂದಿಲ್ಲ.

ಮೈದಾನದಲ್ಲಿ ಅಪಾಯವೇ ಇಲ್ಲ ಎಂದಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾರ್ಮೇರ್ ಬಳಿ ರಾಷ್ಟ್ರೀಯ ರ‍್ಯಾಲಿಗೆಂದು ಮುಚ್ಚಿದ್ದ ದಾರಿಗೆ ಬೈಕೊಂದು ನುಗ್ಗಿ ಒಂದೇ ಕುಟುಂಬದ ಮೂವರು ಪ್ರಾಣ ಕಳೆದುಕೊಂಡರು. ಕಾವಲು, ಆ್ಯಂಬುಲೆನ್ಸ್, ಹೆಲ್ಮೆಟ್, ಕಾರಿನೊಳಗೆ ಕಬ್ಬಿಣದ ಪಂಜರ ಎಲ್ಲ ಇರುವ ಕಡೆಯೇ ಹೀಗಾದರೆ, ಶಾಲೆ ಬಿಟ್ಟ ಮಕ್ಕಳು ನಡೆದಾಡುವ ಜಂಕ್ಷನ್‌ನ ಗತಿ ಏನು?

ಆದ್ದರಿಂದ ಮನೆಯಲ್ಲಿ ಕಾರಿನ ಹುಚ್ಚಿರುವ ಹುಡುಗ ಇದ್ದರೆ ಕೀ ಅಡಗಿಸಿಡುವುದರ ಜೊತೆ ಇನ್ನೊಂದು ಕೆಲಸ ಮಾಡಿ. ಮುಂದಿನ ಸಲ ಹತ್ತಿರದಲ್ಲಿ ಎಲ್ಲಾದರೂ ರ‍್ಯಾಲಿಯೋ ಆಟೊಕ್ರಾಸೋ ನಡೆದರೆ ಅವನನ್ನು ಕರೆದುಕೊಂಡು ಹೋಗಿ, ಹಗ್ಗದ ಈಚೆ ನಿಂತು ತೋರಿಸಿ. ಅಲ್ಲಿ ಕೆಲಸ ಮಾಡುವ ಸ್ವಯಂಸೇವಕರನ್ನು ಮಾತಾಡಿಸಲಿ. ಕೈಚಳಕ ಅವನಲ್ಲಿ ನಿಜವಾಗಿಯೂ ಇದ್ದರೆ ಅದಕ್ಕೆ ಜಾಗ ಅಲ್ಲಿ ಸಿಗುತ್ತದೆ. ಮದುವೆಯ ದಿಬ್ಬಣ ನೆಮ್ಮದಿಯಿಂದ ಮನೆ ಮುಟ್ಟಲಿ.