ಎರಡು ಭಾಷೆ ಮಕ್ಕಳಿಗೆ ಹೊರೆಯೇ?

ಮನೆಯಲ್ಲಿ ತುಳು, ಕೊಂಕಣಿ ಅಥವಾ ಮರಾಠಿ, ಶಾಲೆಯಲ್ಲಿ ಕನ್ನಡ, ಪೇಟೆಗೆ ಹೋದರೆ ಮಲಯಾಳ. ಕಾಸರಗೋಡಿನ ನಮ್ಮ ಅನೇಕ ವಿದ್ಯಾರ್ಥಿಗಳ ದಿನಚರಿ ಇದು. "ಇಷ್ಟು ಭಾಷೆಗಳಿಂದ ಮಗುವಿಗೆ ಗೊಂದಲವಾಗದೇ? ಕನ್ನಡ ಬಿಡಿಸಿದರೆ ಹಗುರವಾದೀತೇ?" ಎಂದು ಹೆತ್ತವರು ನಮ್ಮನ್ನು ಕೇಳುವುದುಂಟು. ಉತ್ತರವನ್ನು ವಿಚಾರಿಸಿ ನೋಡೋಣ.

ಈ ಭಯ ಹಳೆಯದು. ವೇಲ್ಸ್ ನಾಡಿನ ಹಳ್ಳಿಗಳ ದ್ವಿಭಾಷಿ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಹಿಂದುಳಿದರೆಂದು ಸೇರ್ ಎಂಬ ವಿದ್ವಾಂಸರು 1923ರಲ್ಲಿ ಬರೆದರು. ಆದರೆ 1962ರಲ್ಲಿ ಕೆನಡದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬವರು ಒಂದೇ ತೆರನ ಆರ್ಥಿಕ ಸ್ಥಿತಿಯ ಹತ್ತು ವರ್ಷದ ಮಕ್ಕಳನ್ನು ಹೋಲಿಸಿದಾಗ, ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲವರೇ ಮುಂದಿದ್ದರು.

ಇದಕ್ಕೆ ಕಾರಣವೇನು? ಎರಡು ಭಾಷೆ ಬಲ್ಲವನ ಮನಸ್ಸಿನಲ್ಲಿ ಎರಡೂ ಎಚ್ಚರವಾಗಿಯೇ ಇರುತ್ತವೆ. 'ಪಟ್ಟಿ' ಎಂದರೆ ಕನ್ನಡದಲ್ಲಿ ಹೆಸರುಗಳ ಯಾದಿ, ಮಲಯಾಳದಲ್ಲಿ ನಾಯಿ! ಸಂದರ್ಭವನ್ನು ಅರಿತು ಒಂದನ್ನು ಆರಿಸಿ ಇನ್ನೊಂದನ್ನು ತಡೆಹಿಡಿಯಬೇಕು. ಈ ಅಭ್ಯಾಸವು ಬೇರೆ ಕೆಲಸಗಳಲ್ಲಿಯೂ ನೆರವಾದೀತೆಂದು ಹಲವರು ಊಹಿಸಿದರು. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ತೆರೆಯ ಮೇಲಿನ ಚಿತ್ರದ ಬಣ್ಣವನ್ನು ಒಮ್ಮೆ, ಆಕಾರವನ್ನು ಇನ್ನೊಮ್ಮೆ ಗುರುತಿಸಬೇಕಿತ್ತು. ಕೆಲಸ ಬದಲಾದಾಗ ಯಾರಿಗಾದರೂ ಕ್ಷಣಕಾಲ ತಡವಾಗುತ್ತದೆ. ದ್ವಿಭಾಷಿಗಳಿಗೆ ಆ ತಡ ಕಡಿಮೆಯಾಗಿತ್ತು.

ಹಾಗೆಂದು ಹಿಗ್ಗುವಂತಿಲ್ಲ. ಅಮೆರಿಕದಲ್ಲಿ 9ರಿಂದ 10 ವರ್ಷದ 4,500ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ 2019ರ ಅಧ್ಯಯನದಲ್ಲಿ ಇಂತಹ ಮೇಲುಗೈ ಕಾಣಲಿಲ್ಲ. ದ್ವಿಭಾಷಿ ಮಕ್ಕಳ ಇಂಗ್ಲಿಷ್ ಪದಸಂಪತ್ತು ಮಾತ್ರ ತುಸು ಕಡಿಮೆಯಿತ್ತು. ಮಗುವಿನ ಮಾತಿನ ಹೊತ್ತು ಎರಡು ಭಾಷೆಗಳಿಗೆ ಹಂಚಿಹೋಗುವಾಗ ಇದು ಸಹಜವೇ. ಓದಿನಿಂದ ತುಂಬಿಕೊಳ್ಳಬಹುದಾದ ಕೊರತೆ.

ಆದುದರಿಂದ ಎರಡು ಭಾಷೆ ಕಲಿತವರೆಲ್ಲ ಚುರುಕಾಗುತ್ತಾರೆಂದು ನಾವು ಹೇಳಲಾರೆವು. ಆದರೆ ಹೊರೆಯಾಗುತ್ತದೆಂಬ ಭಯಕ್ಕೂ ಆಧಾರವಿಲ್ಲ. ಕನ್ನಡ ಬಿಡಿಸಿದ ಮಾತ್ರಕ್ಕೆ ಗಣಿತ ಸುಲಭವಾಗದು. ಆದರೆ ಅಜ್ಜ ಓದಿದ ಪುಸ್ತಕ ಮೊಮ್ಮಗನಿಗೆ ಮುಚ್ಚಿಹೋಗುತ್ತದೆ.

ವಿದ್ಯಾರ್ಥಿಗಳೇ, ದಿನಕ್ಕೊಂದು ಪುಟವನ್ನಾದರೂ ಕನ್ನಡದಲ್ಲಿ ಓದಿರಿ. ಓದಿದ್ದನ್ನು ಮನೆಯವರಿಗೆ ಮನೆಮಾತಿನಲ್ಲಿ ಹೇಳಿರಿ. ಹೇಳಲು ತಡವರಿಸಿದ ಕಡೆ ಯಾವ ಪದ ಬೇಕಾಯಿತೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಎರಡು ಭಾಷೆಗಳೂ ಬೆಳೆಯುವ ದಾರಿ ಇದೇ.