ಖಾರ ಹತ್ತುವುದು ಎಲ್ಲಿಗೆ?

ರಾಯಚೂರು ಜಿಲ್ಲೆಯ ಗುರುಗುಂಟಾದ ಕಡೆ ಮಂಡಾಳ ಒಗ್ಗರಣೆಯ ಜೊತೆಗೆ ಮಿರ್ಚಿ ಇರಲೇಬೇಕು. ಹಸಿಮೆಣಸಿನಕಾಯಿ ಸೀಳಿ, ಒಳಗೆ ಅಜವಾನ, ಉಪ್ಪು ಸವರಿ, ಕಡ್ಲೆಹಿಟ್ಟಿನಲ್ಲಿ ಅದ್ದಿ ಕುದಿಯೆಣ್ಣೆಗೆ ಬಿಟ್ಟದ್ದು. ಅದನ್ನು ಕಚ್ಚಿದ ಬಾಯಿಗೆ ಚಹಾ ಹಾಕಿ ನೋಡಿ. ದಿನಾ ಕುಡಿಯುವ ಬಿಸಿಯೇ, ಆದರೂ ನಾಲಿಗೆ ಚುರುಗುಡುತ್ತದೆ. ಇದು ಯಾಕೆಂದು ಬಿಡಿಸಲು ವಿಜ್ಞಾನಕ್ಕೆ ನೂರೆಂಬತ್ತು ವರ್ಷ ಹಿಡಿಯಿತು.

ಮೆಣಸಿನಕಾಯಿ ಪರದೇಶದ್ದು ಎಂದರೆ ರಾಯಚೂರು ಸೀಮೆಯವರು ಜಗಳಕ್ಕೇ ಬಂದಾರು. ಆದರೆ ಅಮೆರಿಕದ ಆ ಗಿಡವನ್ನು 16ನೇ ಶತಮಾನದಲ್ಲಿ ಇಲ್ಲಿಗೆ ತಂದವರು ಪೋರ್ಚುಗೀಸರು. ಅದರ ಖಾರವನ್ನು 1816ರಲ್ಲಿ ಜರ್ಮನಿಯ ಬುಕೋಲ್ಟ್ಸ್ ಅಷ್ಟಿಷ್ಟು ಬೇರ್ಪಡಿಸಿದ. 1876ರಲ್ಲಿ ಇಂಗ್ಲೆಂಡಿನ ಥ್ರೆಶ್ ಅದಕ್ಕೆ ಕ್ಯಾಪ್ಸೈಸಿನ್ ಎಂದು ಹೆಸರಿಟ್ಟ. ಅದು ತಾಗುವುದು ಸಂವೇದನೆಯ ನರಗಳಿಗೆ ಎಂದು 1878ರಲ್ಲೇ ಹಂಗೇರಿಯಲ್ಲಿ ತಿಳಿದಿತ್ತು. ನರದ ಯಾವ ಭಾಗಕ್ಕೆ ಎಂಬುದು ಮಾತ್ರ ಕಗ್ಗಂಟಾಗಿಯೇ ಉಳಿಯಿತು.

ಗಂಟು ಬಿಚ್ಚಿದ್ದು 1997ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊದ ಡೇವಿಡ್ ಜೂಲಿಯಸ್ ಪ್ರಯೋಗಾಲಯದಲ್ಲಿ. ಅಲ್ಲಿನವರು ಮಾಡಿದ್ದು ತಾಳ್ಮೆಯ ಕೆಲಸ. ನೋವು ಒಯ್ಯುವ ನರಕೋಶಗಳ ಜೀನುಗಳನ್ನು, ಖಾರಕ್ಕೆ ಜಗ್ಗದ ಬೇರೆ ಜೀವಕೋಶಗಳಿಗೆ ಕಂತುಕಂತಾಗಿ ಸೇರಿಸಿ, ಮೇಲೆ ಕ್ಯಾಪ್ಸೈಸಿನ್ ಸುರಿದು ಕಾದರು. ಕೊನೆಗೊಂದು ಗುಂಪಿನ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗಿ ಬೆಳಕು ಕಂಡಿತು. ಹೀಗೆ ಸಿಕ್ಕಿದ್ದು ಇಂದು ಟಿಆರ್‌ಪಿವಿ1 ಎನ್ನುವ ಪ್ರೋಟೀನು, ನರದ ತುದಿಯಲ್ಲಿ ಕೂತ ಪುಟ್ಟ ಬಾಗಿಲು. 2021ರ ನೊಬೆಲ್‌ನಲ್ಲಿ ಜೂಲಿಯಸ್‌ಗೆ ಪಾಲು ಬಂದದ್ದು ಇದಕ್ಕೇ.

ಈ ಬಾಗಿಲು ತನ್ನಷ್ಟಕ್ಕೆ ತೆರೆಯುವುದು ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗೆ. (ನಮ್ಮ ಬೇಸಿಗೆಯೂ ಆಗಾಗ ಅಲ್ಲಿಗೆ ಮುಟ್ಟುತ್ತದೆ, ಆ ಮಾತು ಬೇರೆ.) ಖಾರ ತಾಗಿದರೆ ಆ ಮಿತಿ ಕೆಳಗಿಳಿದು, ಬಾಯಿಯ ಸಹಜ ಬಿಸಿಗೂ ಅದು ತೆರೆದುಕೊಳ್ಳುತ್ತದೆ. ಅದಾಗಲೇ ತೆರೆದಿರುವಾಗ ಚಹಾ ಸುಡದೆ ಇನ್ನೇನು? ಗಾಯವಾಗಿ ಬಾತ ಜಾಗದಲ್ಲೂ ಇದೇ ಕಥೆ. ಅಲ್ಲಿ ಹುಟ್ಟುವ ಪ್ರೊಸ್ಟಾಗ್ಲಾಂಡಿನ್‌ನಂಥ ವಸ್ತುಗಳು ಮಿತಿಯನ್ನು ಇಳಿಸುತ್ತವೆ. ಉಗುರುಬೆಚ್ಚಗಿನ ನೀರೂ ಉರಿಯುತ್ತದೆ. ಆಸ್ಪಿರಿನ್ ಗುಳಿಗೆ ತಡೆಯುವುದು ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನೇ. ಅಂದರೆ ನೋವಿನ ಹೆಚ್ಚುಕಡಿಮೆ ಮಿದುಳಿಗೆ ಹೋಗುವ ಮೊದಲೇ, ಚರ್ಮದಲ್ಲೇ ಅರ್ಧ ತೀರ್ಮಾನವಾಗಿರುತ್ತದೆ.

ಮೆಣಸಿನಕಾಯಿ ತೊಟ್ಟು ಬಿಡಿಸಿದ ಹೆಣ್ಣಾಳುಗಳ ಕೈಯುರಿ ನೀರಿಗೆ ಹೋಗದು, ಎಣ್ಣೆಗೆ ತಗ್ಗುತ್ತದೆ. ಕ್ಯಾಪ್ಸೈಸಿನ್ ಕರಗುವುದು ಎಣ್ಣೆಯಲ್ಲಿ. ಅತಿಯಾಗಿ ಖಾರ ಉಂಡ ನರತುದಿ ಕೊನೆಗೆ ಸುಸ್ತಾಗಿ ಸುಮ್ಮನಾಗುತ್ತದೆ. ಆ ಗುಣವನ್ನೇ ಹಿಡಿದು, ಸರ್ಪಸುತ್ತು ವಾಸಿಯಾದ ಮೇಲೂ ಬಿಡದ ನೋವಿಗೆ ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿ ಬಂತು. 2009ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಬಾಗಿಲನ್ನೇ ಮುಚ್ಚಿಬಿಡುವ ಗುಳಿಗೆಗಳನ್ನೂ ಔಷಧ ಕಂಪನಿಗಳು ಮಾಡಿ ನೋಡಿದವು. ನುಂಗಿದ ಕೆಲವರಿಗೆ ಮೈ ಕಾದು ಜ್ವರ ಬಂತು. ಇನ್ನು ಕೆಲವು ಪ್ರಯೋಗಗಳಲ್ಲಿ, ಕೈ ಸುಡುವಂಥ ಬಿಸಿಯೂ ಬಿಸಿ ಅನ್ನಿಸದೆ ಹೋಯಿತು.