ಅಟ್ಟದಿಂದ ಇಳಿದ ಬ್ಯಾಟರಿ ಕಾರು

ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿ ಹಿಂದೆ ಮರದ ಕುದುರೆಯೂ ಮೂರು ಗಾಲಿಯ ಸೈಕಲ್ಲೂ ಇದ್ದ ಸ್ಥಾನವನ್ನು ಈಗ ಎರಡು ವಾಹನಗಳು ಆಕ್ರಮಿಸಿವೆ: ನೆಲವನ್ನೊದ್ದು ಸಾಗುವ ಸ್ಕೂಟರು ಒಂದು, ಮಗುವನ್ನು ಕೂರಿಸಿಕೊಂಡು ತಾನೇ ಓಡುವ ಬ್ಯಾಟರಿ ಕಾರು ಮತ್ತೊಂದು. ಮೊದಲನೆಯದರ ಶಕ್ತಿಮೂಲ ಮಗುವಿನ ಕಾಲು. ಎರಡನೆಯದರದು ಆಸನದ ಕೆಳಗೆ ಅಡಗಿರುವ ಸೀಸ ಮತ್ತು ಆಮ್ಲದ ಒಂದು ಸಣ್ಣ ಪೆಟ್ಟಿಗೆ. ದಣಿದ ಕಾಲು ಒಂದು ಲೋಟ ಹಾಲಿನಿಂದ ಚೇತರಿಸಿಕೊಳ್ಳುತ್ತದೆ. ಸೀಸದ ಪೆಟ್ಟಿಗೆಯ ದಣಿವು ಅಷ್ಟು ಸರಳವಾದುದಲ್ಲವಾದ್ದರಿಂದ, ಸ್ಕೂಟರಿನ ವಿಷಯವನ್ನು ಬೇಗ ಮುಗಿಸಿ ಈ ಅಧ್ಯಾಯದ ಬಹುಭಾಗವನ್ನು ಆ ಪೆಟ್ಟಿಗೆಗೇ ಮೀಸಲಿಡುವೆನು.

ಸ್ಕೂಟರನ್ನು ಜೋಡಿಸುವುದೆಂದರೆ ಹ್ಯಾಂಡಲಿನ ಕಂಬವನ್ನು ಅದರ ಕೊರಳಿನೊಳಗೆ ಇಳಿಸಿ, ಮಗುವಿನ ಸೊಂಟದ ಮಟ್ಟಕ್ಕೆ ಎತ್ತರ ಹೊಂದಿಸಿ, ಎಲ್-ಕೀಯಿಂದ ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿದು, ಮಡಚುವ ಕೀಲಿನ ಚಿಲಕ ಪೂರ್ತಿಯಾಗಿ ಕೂತಿತೆ ಎಂದು ಎರಡು ಸಲ ನೋಡುವುದು, ಅಷ್ಟೆ. ಗಾಲಿ ಕಿರುಗುಟ್ಟಿದರೆ ದೋಷ ಸಾಮಾನ್ಯವಾಗಿ ಬೇರಿಂಗಿನದು. ಇಂಥ ಸ್ಕೂಟರುಗಳಲ್ಲಿ ಬಹುತೇಕ ಎಲ್ಲಕ್ಕೂ 608 ಎಂಬ ಬೇರಿಂಗೇ ಇರುತ್ತದೆ. ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22 ಮಿ.ಮೀ., ದಪ್ಪ 7 ಮಿ.ಮೀ. ಈ ಸಂಖ್ಯೆಯನ್ನು ಹೇಳಿದರೆ ಸಾಕು, ಅಂಗಡಿಯವನಿಗೆ ಸ್ಕೂಟರನ್ನು ಹೊತ್ತೊಯ್ದು ತೋರಿಸಬೇಕಾಗಿಲ್ಲ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಸೀಮೆಯ ಅಡುಗೆಮನೆಯಲ್ಲಿ ಕುಸುಬಿ ಎಣ್ಣೆ ಕೈಗೆಟುಕುವ ವಸ್ತು. ಗಾಲಿ ಕಿರುಗುಟ್ಟಿದೊಡನೆ ಅದನ್ನೇ ಎರಡು ತೊಟ್ಟು ಬಿಡುವುದು ವಾಡಿಕೆ. ಗಾಲಿ ಆ ಸಂಜೆ ಸುಖವಾಗಿ ತಿರುಗುತ್ತದೆ. ಆದರೆ ಕುಸುಬಿಯದು ಗಾಳಿಗೆ ಒಣಗಿ ಅಂಟಾಗುವ ಎಣ್ಣೆ. ಆ ಗುಣಕ್ಕಾಗಿಯೇ ಅದನ್ನು ಬಣ್ಣ, ವಾರ್ನಿಶುಗಳ ತಯಾರಿಕೆಯಲ್ಲಿ ಬಳಸುತ್ತಾರೆ. ಅಗಸೆ ಎಣ್ಣೆ ಈ ವಿಷಯದಲ್ಲಿ ಇನ್ನೂ ಒಂದು ಕೈ ಮೇಲು. ಕೆಲವೇ ವಾರಗಳಲ್ಲಿ ನಮ್ಮ ಎರೆಮಣ್ಣಿನ ಧೂಳು ಆ ಅಂಟಿನಲ್ಲಿ ಸೇರಿ, ಬೇರಿಂಗಿನೊಳಗಿನ ಗುಂಡುಗಳು ಕಣಕದಲ್ಲಿ ಹೂತ ಕಡಲೆಯಂತಾಗುತ್ತವೆ. ಗಾಲಿಯನ್ನು ಬಿಚ್ಚಿ, ಅಚ್ಚಿಗೆ ಸುತ್ತಿಕೊಂಡ ಕೂದಲನ್ನೂ ದಾರವನ್ನೂ ಚಿಮುಟದಿಂದ ಎಳೆದು, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೇ ತೊಟ್ಟು ಬಿಡುವುದು ಸರಿಯಾದ ಕ್ರಮ.

ಇನ್ನು ಬ್ಯಾಟರಿ ಕಾರು. ಡಬ್ಬಿಯಿಂದ ತೆಗೆದು ಗಾಲಿ, ವಾಷರ್, ನಟ್ಟುಗಳನ್ನು ಹಾಕಿ, ಸ್ಟಿಯರಿಂಗಿನ ಸರಳಿಗೆ ಪಿನ್ನು ತೊಡಿಸಿ, ಸಂಭ್ರಮದಿಂದ ಪೆಡಲು ಒತ್ತಿದರೆ ಅದು ಕದಲದಿರುವುದುಂಟು. ಗಾಬರಿ ಬೇಡ: ಸಾಗಣೆಯಲ್ಲಿ ಅಪಾಯವಾಗಬಾರದೆಂದು ಬ್ಯಾಟರಿಯ ತಂತಿಯ ಜೋಡಣೆಯನ್ನು ಕಾರ್ಖಾನೆಯವರೇ ಬಿಚ್ಚಿಟ್ಟಿರುತ್ತಾರೆ. ಆಸನವನ್ನೆತ್ತಿ ಆ ಕೊಂಡಿಯನ್ನು ಸೇರಿಸಿ. ಹೊಸ ಕಾರು ಕೆಟ್ಟಿದೆಯೆಂದು ಬಂದ ದೂರುಗಳಲ್ಲಿ ನಾನು ಕಂಡ ಅತ್ಯಂತ ಸಾಧಾರಣ ಕಾರಣ ಇದೇ.

ಹಳೆಯ ಕಾರಿನ ಕಥೆ ಬೇರೆ. ಒಂದು ದಸರೆಯ ರಜೆಯಲ್ಲಿ ಸುರಪುರದ ಒಂದು ಮನೆಗೆ ಹೋಗಿದ್ದೆ. ಬೇಸಗೆಯ ರಜೆಯಲ್ಲಿ ಹೈದರಾಬಾದಿನಿಂದ ತಂದ ಕಾರು, ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಅಟ್ಟವೇರಿ, ನಾಲ್ಕು ತಿಂಗಳು ಕಳೆದು ಅಂದೇ ಕೆಳಗಿಳಿದಿತ್ತು. ಫರಸಿ ಹಾಸಿದ ಅಂಗಳದಲ್ಲಿ ಮೊಮ್ಮಗ ಅದರಲ್ಲಿ ಕೂತು ಪೆಡಲು ಒತ್ತುತ್ತಿದ್ದನು. ಕಾರು ಒಮ್ಮೆ ಮಿಡುಕಿ ಸುಮ್ಮನಾಗುತ್ತಿತ್ತು.

“ಮೋಟಾರ್ ಸುಟ್ಟು ಹೋಗ್ಯದ್ರಿ ಸರ,” ಎಂದರು ಹಿರಿಯರು.

“ಬ್ಯಾಟರಿ ನೋಡೀರೇನ್ರಿ ಮುತ್ಯಾ?”

“ಬ್ಯಾಟರಿ ಚಲೋನೇ ಅದರಿ. ಚಾರ್ಜಿಗೆ ಹಾಕಿ ಅರ್ಧ ತಾಸಿನಾಗ ಹಸಿರು ದೀಪ ಬಂತಲ್ರಿ!”

ಮಲ್ಟಿಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗಳಿಗೆ ಮುಟ್ಟಿಸಿದೆ. 12.6 ವೋಲ್ಟ್. ಮುತ್ಯಾನ ಮುಖದಲ್ಲಿ ಗೆಲುವು ಮೂಡಿತು. “ಈಗ ಪೆಡಲು ಒತ್ತು ಮರಿ,” ಎಂದೆ. ಅಂಕಿ 12.6ರಿಂದ ಕೆಳಗೆ ಜಾರಿ, 7ರ ಸಮೀಪ ನಡುಗುತ್ತ ನಿಂತಿತು. ಪೆಡಲು ಬಿಟ್ಟೊಡನೆ ಏನೂ ಆಗದವರಂತೆ ಮತ್ತೆ ಮೇಲೇರಿತು. ಮೋಟಾರು ನಿರಪರಾಧಿ.

ಈ ಒಂದು ದೃಶ್ಯವನ್ನು ಅರ್ಥಮಾಡಿಕೊಂಡವನು ಬ್ಯಾಟರಿ ಕಾರಿನ ಮುಕ್ಕಾಲು ಪಾಲು ಶಾಸ್ತ್ರವನ್ನು ಅರಿತಂತೆಯೇ. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ನಿರ್ಮಿಸಿದ ವಿದ್ಯುತ್ಕೋಶದ ವಂಶಸ್ಥನೇ ಈ ಪೆಟ್ಟಿಗೆ. ಅದರ ಧನಫಲಕ ಸೀಸದ ಡೈಆಕ್ಸೈಡು, ಋಣಫಲಕ ಸ್ಪಂಜಿನಂತಹ ಶುದ್ಧ ಸೀಸ, ಎರಡರ ನಡುವೆ ದುರ್ಬಲಗೊಳಿಸಿದ ಗಂಧಕಾಮ್ಲ. ಕಾರು ಓಡುವಾಗ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲ ನೀರಾಗುತ್ತ ಹೋಗುತ್ತದೆ. ಚಾರ್ಜ್ ಮಾಡುವಾಗ ಆ ಸಲ್ಫೇಟು ಕರಗಿ ಎಲ್ಲವೂ ಪೂರ್ವಸ್ಥಿತಿಗೆ ಮರಳುತ್ತದೆ. ಈ ಮರಳುವಿಕೆ ಸಾಧ್ಯವಾಗುವುದು ಸಲ್ಫೇಟಿನ ಕಣಗಳು ಅತಿಸೂಕ್ಷ್ಮವಾಗಿರುವ ತನಕ ಮಾತ್ರ. ಬ್ಯಾಟರಿಯನ್ನು ಖಾಲಿಯಾಗಿಯೇ ಇಟ್ಟರೆ ಸಣ್ಣ ಕಣಗಳು ಮೆಲ್ಲನೆ ಕರಗಿ ದೊಡ್ಡ ಹರಳುಗಳ ಮೇಲೆ ಹೋಗಿ ಕೂಡುತ್ತವೆ. ದೊಡ್ಡವು ಇನ್ನಷ್ಟು ದೊಡ್ಡವಾಗುತ್ತವೆ. ಸಕ್ಕರೆಯನ್ನೂ ಕಲ್ಲುಸಕ್ಕರೆಯನ್ನೂ ಬೇರೆಬೇರೆ ಲೋಟದ ನೀರಿಗೆ ಹಾಕಿ ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ: ಪದಾರ್ಥ ಒಂದೇ, ಆದರೆ ದೊಡ್ಡ ಹರಳಾದುದು ಬೇಗ ಕರಗಲು ಒಪ್ಪದು. ಫಲಕದ ಬಹುಭಾಗವನ್ನು ಆ ಹರಳುಗಳು ಆವರಿಸಿದ ಮೇಲೆ ವಿದ್ಯುತ್ತನ್ನು ಕೊಡಲು ಉಳಿಯುವ ಸ್ಥಳ ಅತ್ಯಲ್ಪ. ಮೀಟರಿಗೆ ಬೇಕಾದ ಅಲ್ಪ ಪ್ರವಾಹವನ್ನು ಆ ಬ್ಯಾಟರಿ ಧಾರಾಳವಾಗಿ ಕೊಟ್ಟು 12.6 ಎಂದು ತೋರಿಸುತ್ತದೆ. ಮೋಟಾರು ಹತ್ತು ಆಂಪಿಯರ್ ಕೇಳಿದೊಡನೆ ಕುಸಿಯುತ್ತದೆ. ಹಸಿರು ದೀಪದ ರಹಸ್ಯವೂ ಇದೇ. ಚಾರ್ಜರು ತಳ್ಳುವ ಪ್ರವಾಹವನ್ನು ಒಳಗೆ ತೆಗೆದುಕೊಳ್ಳಲು ಸ್ಥಳವಿಲ್ಲದೆ ಬ್ಯಾಟರಿ ಅದನ್ನು ತಡೆದು ನಿಲ್ಲಿಸಿತು. ಚಾರ್ಜರು ಅದನ್ನು ‘ತುಂಬಿತು’ ಎಂದು ಓದಿತು. ಲೆಕ್ಕ ಹಾಕಿ ನೋಡಿ: 7 ಆಂಪಿಯರ್-ಗಂಟೆಯ ಖಾಲಿ ಬ್ಯಾಟರಿಗೆ 0.7 ಆಂಪಿಯರಿನ ಚಾರ್ಜರು ಕನಿಷ್ಠ ಹತ್ತು ತಾಸು ದುಡಿಯಬೇಕು. ಅರ್ಧ ತಾಸಿನಲ್ಲಿ ತುಂಬುವ ಬ್ಯಾಟರಿಯನ್ನು ನಂಬಬೇಡಿ.

ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದಿಂದ ಉಳಿದುಬಂದ ಉಪದೇಶವೊಂದು ಈ ಅನಾಹುತವನ್ನು ಇಮ್ಮಡಿಸುತ್ತದೆ: “ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜಿಗೆ ಹಾಕಬೇಕು.” ಸೀಸದ ಬ್ಯಾಟರಿಗೆ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಹತ್ತೇ ನಿಮಿಷ ಆಡಿದರೂ ಆ ರಾತ್ರಿಯೇ ಚಾರ್ಜ್ ಮಾಡಿ. ಆದರೆ ಅಗ್ಗದ ಚಾರ್ಜರುಗಳಲ್ಲಿ ತಾವಾಗಿ ನಿಲ್ಲುವ ವ್ಯವಸ್ಥೆ ಇರದಾದ್ದರಿಂದ, ಬೆಳಿಗ್ಗೆ ತೆಗೆಯಲು ಮರೆಯಬೇಡಿ. ಆರು ವೋಲ್ಟಿನ ಬ್ಯಾಟರಿಗೆ ಹನ್ನೆರಡು ವೋಲ್ಟಿನ ಚಾರ್ಜರನ್ನು ಎಂದಿಗೂ ಕೂಡಿಸಬೇಡಿ. ತಿಂಗಳುಗಟ್ಟಲೆ ಎತ್ತಿಡುವ ಮೊದಲು ಪೂರ್ತಿ ತುಂಬಿ, ಕೊಂಡಿಯನ್ನು ಬಿಚ್ಚಿ, ತಿಂಗಳಿಗೊಮ್ಮೆ ತೆಗೆದು ತುಂಬಿ. ಇತರ ಊರುಗಳಲ್ಲಿ ಎರಡು-ಮೂರು ತಿಂಗಳಿಗೊಮ್ಮೆ ಸಾಕೆನ್ನುತ್ತಾರೆ. ನಮ್ಮಲ್ಲಿ ಸಾಲದು, ಏಕೆಂದರೆ 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಈ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧವಾಗುತ್ತದೆ, ತಾನಾಗಿ ಖಾಲಿಯಾಗುವ ವೇಗವೂ ಹೆಚ್ಚುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಯಾದಗಿರಿಯಲ್ಲಿ ತಗಡಿನ ಮಾಡಿನ ಕೆಳಗಿನ ಅಟ್ಟವೆಂದರೆ ಬ್ಯಾಟರಿಗೆ ಒಲೆಯೇ. ಮನೆಯ ತಂಪಾದ ಮೂಲೆಯಲ್ಲಿ, ನೆಲದ ಮೇಲೆ ಇಡಿ.

ಉಳಿದ ದೋಷಗಳನ್ನು ಸಂಕ್ಷೇಪವಾಗಿ ಹೇಳುವೆನು. ಪೆಡಲು ಒತ್ತಿದಾಗ ಮೋಟಾರು ಗುಂಯ್‌ಗುಟ್ಟಿ, ‘ಟಕ್ ಟಕ್’ ಎಂದು ಸದ್ದು ಬಂದು, ಗಾಲಿ ತಿರುಗದಿದ್ದರೆ ಗೇರು ಪೆಟ್ಟಿಗೆಯ ಪ್ಲಾಸ್ಟಿಕ್ ಹಲ್ಲುಗಳು ಮುರಿದಿವೆ. ಕಾರು ಒಂದೇ ಬದಿಗೆ ವಾಲಿ ಓಡಿದರೆ ಎರಡು ಮೋಟಾರುಗಳಲ್ಲಿ ಒಂದರ ತಂತಿ ಕಳಚಿದೆ. ಮೋಟಾರು ಬದಲಿಸಿದ ಮೇಲೆ ಕಾರು ಮಿಸುಕದೆ ತಾನೇ ತನ್ನೊಡನೆ ಜಗಳವಾಡುತ್ತಿದ್ದರೆ ಹೊಸ ಮೋಟಾರಿನ ಕೆಂಪು-ಕಪ್ಪು ತಂತಿಗಳು ಅದಲುಬದಲಾಗಿವೆ. ಸುರಪುರದ ಮಕ್ಕಳು ತಮ್ಮೂರಿನ ಗುಡ್ಡದ ಏರಿನಲ್ಲಿ ಕಾರನ್ನು ಹತ್ತಿಸಲು ಹೋದರೆ, ಅಧಿಕ ಪ್ರವಾಹದಿಂದ ಕಾದ ರಕ್ಷಕ ಸ್ವಿಚ್ಚು ಸಂಪರ್ಕವನ್ನು ಕಡಿದು ಕಾರು ನಿಲ್ಲುತ್ತದೆ. ಹತ್ತು ನಿಮಿಷ ಆರಲು ಬಿಟ್ಟರೆ ಬಹುಪಾಲು ಕಾರುಗಳು ಮತ್ತೆ ಹೊರಡುತ್ತವೆ. ಫ್ಯೂಜು ಸುಟ್ಟಿದ್ದರೆ ಅದೇ ಆಂಪಿಯರಿನ ಫ್ಯೂಜನ್ನೇ ಹಾಕಬೇಕು. ಸಿಗರೇಟು ಪೊಟ್ಟಣದ ಬೆಳ್ಳಿಹಾಳೆಯನ್ನು ಸುತ್ತಿ ಕೂರಿಸಿದ ಕಾರುಗಳನ್ನು ನಾನು ಕಂಡಿದ್ದೇನೆ. ಮಗು ಕೂರುವ ಆಸನದ ಅಡಿಯಲ್ಲಿ ಅದು ಬೆಂಕಿಕಡ್ಡಿ ಗೀರಿ ಇಟ್ಟಂತೆ. ಬ್ಯಾಟರಿಯ ಎರಡು ತುದಿಗಳಿಗೂ ಒಮ್ಮೆಲೇ ಪಾನಾ ತಾಗದಂತೆಯೂ ಎಚ್ಚರವಿರಲಿ.

ಕೊಳ್ಳುವಾಗ ಐ.ಎಸ್.ಐ. ಗುರುತನ್ನು ನೋಡಿ, 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ, ವಿದ್ಯುತ್ ಆಟಿಕೆಗಳ ಮಾನಕದ ಸಂಖ್ಯೆ ಐ.ಎಸ್. 15644. ಸತ್ತ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಅಂಗಡಿಗೆ ಮರಳಿಸಿ: ಸೀಸ ವಿಷ, ಅದರಲ್ಲಿಯೂ ಮಕ್ಕಳಿಗೆ.

ಸುರಪುರದ ಆ ಮನೆಗೆ ಹೊಸ ಬ್ಯಾಟರಿ ಬಂದಿತು, ಮೋಟಾರು ಹಳೆಯದೇ ಉಳಿಯಿತು. ಓದುಗರಲ್ಲಿ ನನ್ನದೊಂದು ಬಿನ್ನಹ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಸಾಧಾರಣ ಮಲ್ಟಿಮೀಟರ್ ಅಗ್ಗವಾಗಿ ಸಿಗುತ್ತದೆ, ಒಂದನ್ನು ಕೊಳ್ಳಿ. ಹತ್ತು ವರ್ಷದ ಹುಡುಗ-ಹುಡುಗಿಯರ ಕೈಗೇ ಅದನ್ನು ಕೊಟ್ಟು, ಒಂದು ಹಳೆಯ ನೋಟುಬುಕ್ಕಿನಲ್ಲಿ ತಾರೀಖು, ಚಾರ್ಜಾಗಿ ಕೆಲವು ತಾಸು ಕಳೆದ ಮೇಲಿನ ವೋಲ್ಟು, ತಮ್ಮನನ್ನು ಕೂರಿಸಿ ಪೆಡಲು ಒತ್ತಿದಾಗಿನ ವೋಲ್ಟು, ಈ ಮೂರನ್ನು ಬರೆಸಿ. ಹನ್ನೆರಡು ವೋಲ್ಟಿನದಾದರೆ, ನಿಂತಾಗ 12.8 ಇದ್ದರೆ ತುಂಬಿದ ಬ್ಯಾಟರಿ, 12.2 ಇದ್ದರೆ ಅರ್ಧ, 11.8ಕ್ಕಿಂತ ಇಳಿದರೆ ಬಹುತೇಕ ಖಾಲಿ. ಪೆಡಲು ಒತ್ತಿದಾಗಿನ ಅಂಕಿ ವಾರದಿಂದ ವಾರಕ್ಕೆ ಇಳಿಯತೊಡಗಿದುದನ್ನು ಆ ಮಕ್ಕಳು ನಿಮಗಿಂತ ಮೊದಲೇ ಗುರುತಿಸುವರು. ಗುರುತಿಸಿದ ದಿನ ಅವರ ಮುಂದೆ ಪ್ರೌಢಶಾಲೆಯ ರಸಾಯನಶಾಸ್ತ್ರದ ಪುಸ್ತಕವನ್ನು ತೆರೆದಿಡಿ.